ಮಹಾಪ್ರಾಣ

ಅದು ಮೊದಲ ಬಾರಿ ತೆರೆದುಕೊಂಡದ್ದು
ಮುಹರ್ರಕ್‌ನ ಒಂದು ಚಹಾದಂಗಡಿಯಲ್ಲಿ,
ಗಲ್ಲಾದ ಮೇಲಿನ ಪರದೆಯಲ್ಲಿ,
ಕೆಂಪು ಮೆಣಸಿನಕಾಯಿಯ ಚಿತ್ರದ ಪಕ್ಕ
ಐದು ಇಂಗ್ಲಿಷ್ ಅಕ್ಷರಗಳಲ್ಲಿ: ಖಾರ.

ಅಬು ರಾಶಿದ್ ಕನ್ನಡಕ ಏರಿಸಿದರು, ಇಳಿಸಿದರು,
ಕೆಮ್ಮಿದರು.
ಅವರ ಮೊಮ್ಮಗ, ಏಳು ವರ್ಷದವನು,
ಅಕ್ಷರ ಕೂಡಿಸಿ ಜೋರಾಗಿ ಓದಿದ;
ಓದಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು
ನೆಲಕ್ಕೆ ಬಿದ್ದು ನಕ್ಕ.
ಪರೋಟ ಬೀಸುತ್ತಿದ್ದ ಕಾಸರಗೋಡಿನ ಮೊಯ್ದು
ಒಳಗಿಂದಲೇ ಹೇಳಿದ, ತಿರುಗಿ ನೋಡದೆ:
"ಅಕ್ಕಾ, ಅರಬಿಯಲ್ಲಿ ಅದು
ಚೊಂಬು ಹಿಡಿದು ಹೋದವರು
ಬಿಟ್ಟು ಬರುವಂಥದ್ದು."

ಹನ್ನೊಂದು ತಿಂಗಳ ಕೆಲಸ.
ಹೂರಾದ ಒಂದೇ ಕೋಣೆಯಲ್ಲಿ
ಎಸಿಯ ನೀರು ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ ಕೂತು
ಕರಕ್ ಚಹಾಕ್ಕೆ, ಮೊಟ್ಟೆ ಚಪಾತಿಗೆ,
ಸಂಬಳದ ದಿನ ಕೊಡ್ತೀನಿ ಅನ್ನುವ ಬಾಕಿಗೆ
ಐದು ಫಿಲ್ಸ್ ತಪ್ಪದ ಹಾಗೆ ಲೆಕ್ಕ ಕಲಿಸಿದ್ದೆ.
ಹೆಸರಿಡುವಾಗ ಮಾತ್ರ ಯೋಚಿಸಲೇ ಇಲ್ಲ.

ಯೋಚಿಸುವುದೇನಿತ್ತು?
ದಾವಣಗೆರೆಯ ರೈಲ್ವೆ ಗೇಟಿನ ಹತ್ತಿರ ಅವ್ವನ ತಳ್ಳುಗಾಡಿ.
ಹಲಗೆಯ ಮೇಲೆ ಪೇಂಟರ್ ಬರೆದಿದ್ದ: ಕಾರ ಮಂಡಕ್ಕಿ.
ಐದನೇ ಕ್ಲಾಸಿನ ನಾನು,
ಉಕ್ತಲೇಖನದಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೈದು,
ಒದ್ದೆ ಬಟ್ಟೆಯಿಂದ ಉಜ್ಜಿ, ಸುಣ್ಣದಲ್ಲಿ ತಿದ್ದಿ
ಕಾ ಇದ್ದಲ್ಲಿ ಖಾ ಕೂರಿಸಿದೆ.
ಅವ್ವ ಈರುಳ್ಳಿ ಹೆಚ್ಚುತ್ತಲೇ ನೋಡಿದಳು:
"ಉಸಿರು ಜಾಸ್ತಿ ಹಾಕಿದ್ರೆ ರುಚಿ ಜಾಸ್ತಿ ಆಗ್ತತೇನೆ?"
ಗಿರಾಕಿಗಳು ಹಿಂದಿನ ಹಾಗೇ ಕೂಗಿದರು,
"ಒಂದ್ ಪ್ಲೇಟ್ ಕಾರ, ಎರಡ್ ಮಿರ್ಚಿ."

ಇಪ್ಪತ್ತೆಂಟು ವರ್ಷ
ನನ್ನ ಅಕ್ಷರವನ್ನು ಯಾರೂ ಉಚ್ಚರಿಸಲಿಲ್ಲ.
ಉಚ್ಚರಿಸಿದವನು, ಕಡೆಗೆ,
ಗಂಟಲಿನ ಆಳದಿಂದ, ಇಡೀ ಉಸಿರು ಸುರಿದು,
ಮುಹರ್ರಕ್‌ನ ಆ ಹುಡುಗ.
ಎಂಥ ಖ ಅದು!
ನಮ್ಮ ಮೇಷ್ಟರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು.

ಬೇರೆ ಹೆಸರಿಗಾಗಿ ಕೂತೆವು.
ಅಬು ರಾಶಿದರ ಮಗಳು ಮನೀರಾ "ಬಹಾರ್" ಅಂದಳು,
ಅರಬಿಯಲ್ಲಿ ಮಸಾಲೆ.
ಡೆಲಿವರಿಯ ಗೋರಖಪುರದ ಹುಡುಗ ಎದ್ದು ನಿಂತ,
"ಬಾಹರ್? ನಾನು ಹೊರಗೆ ಹೋಗಬೇಕಾ?"
"ಫಿಲ್‌ಫಿಲ್" ಅಂದರು ಅಬು ರಾಶಿದ್, ಕರಿಮೆಣಸು.
ಫಿಲಿಪ್ಪೀನಿನ ಲೆನ್ಲಿ ಅದನ್ನು ಪಿಲ್‌ಪಿಲ್ ಮಾಡಿದಳು.
ಅವಳ ಅಜ್ಜಿಗೆ ಫ ಬಾರದು,
ಅಬು ರಾಶಿದರಿಗೆ ಪ ಬಾರದು,
ನನ್ನೂರಿಗೆ ಖ ಬಾರದು.
ಮಧ್ಯದಲ್ಲಿ ಚಹಾ ಆರಿತು.
ಕೊನೆಗೆ ಬಹಾರ್ ಉಳಿಯಿತು:
ಯಾರಿಗೂ ಅಷ್ಟೇನೂ ಇಷ್ಟವಿಲ್ಲ,
ಯಾರೂ ಮೂಗು ಮುಚ್ಚುವುದಿಲ್ಲ.

ಮೂರು ರಾತ್ರಿ ಅಳಿಸಿದೆ
ಮೆನುವಿನಿಂದ, ರಸೀದಿಯ ತಲೆಯಿಂದ,
ಫ್ರಿಜ್ಜಿಗೆ ಅಂಟಿಸಿದ ಸ್ಟಿಕ್ಕರಿನಿಂದ ಉಗುರಲ್ಲಿ ಕೆರೆದು.
ಮೆಣಸಿನಕಾಯಿ ಮಾತ್ರ ಬಿಟ್ಟೆ.
ಒಳಗೆ, ಕೋಡಿನ ಬೇರುಗಳಲ್ಲಿ,
ಎರಡು ಸಾವಿರದ ನೂರ ಏಳು ಕಡೆ ಅದೇ ಹೆಸರು;
ಒಂದನ್ನು ಕಿತ್ತರೆ ಇನ್ನೆಲ್ಲೋ ಚಿಲ್ಲರೆ ತಪ್ಪುತ್ತದೆ.
ಮುಟ್ಟಲಿಲ್ಲ.
ಯಾರು ನೋಡುತ್ತಾರೆ ಅಂದುಕೊಂಡೆ.

ಶುಕ್ರವಾರ ಅವ್ವನಿಗೆ ಫೋನಿನಲ್ಲಿ ಹೇಳಿದೆ.
ಕನ್ನಡದಲ್ಲಿ ಏನಂತಾರೆ ಅಂದಳು. ಅದನ್ನೂ ಹೇಳಿದೆ.
ನಕ್ಕಳು, ಕೆಮ್ಮು ಬರುವವರೆಗೆ,
ಪಕ್ಕದ ಮನೆ ನಿಂಗಮ್ಮ ಬಂದು ಏನಾಯ್ತು ಅನ್ನುವವರೆಗೆ.
"ತಿಂದದ್ದು ಮತ್ತೇನಾಗ್ತತಿ?
ನಾವು ತಿನ್ನೋ ಹೊತ್ತಿನ ಹೆಸರು ಇಟ್ಟೀವಿ.
ಅವರು ಒಂದು ದಿನ ಮುಂದೆ ಅದಾರೆ, ಅಷ್ಟೆ."

ನಿನ್ನೆ ರಾತ್ರಿ ಒಂದು ಗಂಟೆಗೆ
ಅಬು ರಾಶಿದ್ ಫೋಟೋ ಕಳಿಸಿದ್ದಾರೆ.
ಪರದೆ ಬೆಳ್ಳಗೆ ಗಟ್ಟಿಯಾಗಿ ನಿಂತಿದೆ;
ನಡುವೆ ಒಂದು ಪೆಟ್ಟಿಗೆ, ಅದರೊಳಗೆ ಒಂದು ಸಾಲು:
ಖಾರ ಸ್ಪಂದಿಸುತ್ತಿಲ್ಲ.
ಕೆಳಗೆ ಅವರದೇ ಕೈಯ ಮಾತು:
ಎಷ್ಟು ದಿನದಿಂದ, ಮಗಳೇ?
ಡಾಕ್ಟರಿಗೆ ತೋರಿಸಿದೆಯಾ?